ಮನುಷ್ಯನಿಗಿಂತ ಮೊದಲು ಗಡಿ ದಾಟಿದ ಪಿಂಚಣಿ

ಯುರೋಪಿಯನ್ ಒಕ್ಕೂಟ ಎಂದೊಡನೆ ಕಣ್ಣಿಗೆ ಕಟ್ಟುವುದು ನೀಲಿ ಬಾವುಟದ ಹನ್ನೆರಡು ಚಿನ್ನದ ಚಿಕ್ಕಿಗಳು, ಯೂರೊ ನೋಟು, ಷೆಂಗೆನ್ ವೀಸಾ. ಸ್ವಲ್ಪ ಓದಿಕೊಂಡವರಾದರೆ ಸುಂಕ, ಬೆಣ್ಣೆ, ಗೋಧಿ, ಉಕ್ಕು ಎಂದಾರು. ಒಟ್ಟಿನಲ್ಲಿ ವ್ಯಾಪಾರಸ್ಥರ ಕೂಟ ಎಂಬುದೇ ಎಲ್ಲರ ಎಣಿಕೆ. ಅದೇ ಎಣಿಕೆ ಇಟ್ಟುಕೊಂಡು ಆ ಕೂಟ ಬರೆದ ಮೊಟ್ಟಮೊದಲ ನಿಯಮಗಳ ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿ ನೋಡಿ. ಹುಬ್ಬು ತಾನಾಗಿ ಮೇಲೇರುತ್ತದೆ!

1958ನೇ ಇಸವಿ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ದೇಶಗಳ ಆರ್ಥಿಕ ಸಮುದಾಯ ಆಗಷ್ಟೇ ಕಣ್ಣು ಬಿಟ್ಟಿದೆ. ನಿಯಮ ಸಂಖ್ಯೆ 1: ಕಚೇರಿ ವ್ಯವಹಾರ ಯಾವ ಭಾಷೆಗಳಲ್ಲಿ ನಡೆಯಬೇಕು? ಡಚ್, ಫ್ರೆಂಚ್, ಜರ್ಮನ್, ಇಟಾಲಿಯನ್. ಸರಿ. ನಿಯಮ ಸಂಖ್ಯೆ 2, ಅದೂ ಅಂಥದೇ ಕಚೇರಿ ಕಾಗದಪತ್ರದ್ದು. ಇನ್ನು ಮೂರನೆಯದು? ಸುಂಕವೇ? ಅಲ್ಲ. ಕೃಷಿಯೇ? ಅದು ಬರಲು ಇನ್ನೂ ವರ್ಷಗಳು ಬೇಕು. ಉಕ್ಕಿನ ಬೆಲೆಯೇ? ಅದೂ ಅಲ್ಲ. ನಿಯಮ ಸಂಖ್ಯೆ 3, ವಲಸೆ ಕಾರ್ಮಿಕರ ಸಾಮಾಜಿಕ ಭದ್ರತೆ! ಊರು ಬಿಟ್ಟು ಪರದೇಶದಲ್ಲಿ ದುಡಿಯುವವನ ಪಿಂಚಣಿ, ಅವನ ಕಾಯಿಲೆಯ ಖರ್ಚು, ಅವನು ಸತ್ತರೆ ಹೆಂಡತಿಗೆ ಬರುವ ವಿಧವಾ ವೇತನ, ಮಕ್ಕಳ ಭತ್ಯೆ. ವ್ಯಾಪಾರಕ್ಕೆಂದು ಸೇರಿದವರು ಮೈಮುರಿದು ಮಾಡಿದ ಮೊದಲ ಕೆಲಸ ಇದು.

ಇನ್ನೂ ಕೇಳಿ. ಈ ನಿಯಮ ಜಾರಿಗೆ ಬಂದದ್ದು 1959ರ ಜನವರಿ 1ರಂದು. ಆರು ದೇಶಗಳ ನಡುವಿನ ಸುಂಕದ ಕಟ್ಟೆಗಳು ಪೂರ್ತಿ ಬಿದ್ದದ್ದು 1968ರ ಜುಲೈ 1ಕ್ಕೆ. ಕಾರ್ಮಿಕನೊಬ್ಬ ಪರವಾನಗಿಯ ಕಾಟವಿಲ್ಲದೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ದುಡಿಯಬಹುದು ಎಂಬ ನಿಯಮ ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಅಂದರೆ ಬೆಣ್ಣೆಗಿಂತ ಮೊದಲು, ಕಾರಿಗಿಂತ ಮೊದಲು, ಕಡೆಗೆ ಸ್ವತಃ ಮನುಷ್ಯನಿಗಿಂತ ಸುಮಾರು ಹತ್ತು ವರ್ಷ ಮೊದಲೇ ಅವನ ಪಿಂಚಣಿ ಗಡಿ ದಾಟಿಬಿಟ್ಟಿತ್ತು!

ಇದು ಹೇಗಾಯಿತು? ಇದರ ಬೇರು ಹುಡುಕುತ್ತ ಹೋದರೆ ಸಿಗುವುದು ಯಾವ ಅರಮನೆಯೂ ಅಲ್ಲ, ಕಲ್ಲಿದ್ದಲಿನ ಗಣಿ.

ಯುದ್ಧ ಮುಗಿದ ಮರುವರ್ಷ. ಬೆಲ್ಜಿಯಂನ ನೆಲದಡಿ ಕಲ್ಲಿದ್ದಲು ಬೇಕಾದಷ್ಟಿದೆ, ಇಳಿಯುವವರಿಲ್ಲ. ಅಲ್ಲಿಯ ಗಂಡಸರಿಗೆ ಗಣಿ ಬೇಡವಾಗಿದೆ. ಕೆಲಸಕ್ಕೆ ಹಚ್ಚಿದ್ದ ಜರ್ಮನ್ ಯುದ್ಧಕೈದಿಗಳನ್ನು ಎಷ್ಟು ದಿನ ಹಿಡಿದಿಟ್ಟುಕೊಳ್ಳಲಾದೀತು? ಅತ್ತ ಇಟಲಿಯಲ್ಲಿ ಕೈತುಂಬ ಆಳುಗಳಿದ್ದಾರೆ, ಒಲೆಗೆ ಕಲ್ಲಿದ್ದಲಿಲ್ಲ. 1946ರ ಜೂನ್ 23ರಂದು ರೋಮ್‌ನಲ್ಲಿ ಎರಡೂ ಸರ್ಕಾರಗಳು ಒಂದು ಕಾಗದಕ್ಕೆ ಸಹಿ ಹಾಕಿದವು. ಇಟಲಿ 50,000 ಆಳುಗಳನ್ನು ಕಳಿಸಬೇಕು, ವಾರಕ್ಕೆ 2,000 ಮಂದಿಯಂತೆ. ಬದಲಿಗೆ ಬೆಲ್ಜಿಯಂ ಸಾವಿರ ಆಳಿಗೆ ತಿಂಗಳಿಗೆ ಕನಿಷ್ಠ 2,500 ಟನ್ ಕಲ್ಲಿದ್ದಲನ್ನು ಇಟಲಿಗೆ ಮಾರಬೇಕು. ತಲೆಗೆ ಇಷ್ಟು ಟನ್ ಎಂಬ ದರ! ಎರಡು ಪ್ರಜಾಪ್ರಭುತ್ವಗಳು ಮಾಡಿಕೊಂಡ ಕರಾರು ಇದು ಎಂದರೆ ನಂಬಲು ಕಷ್ಟ. ಆದರೆ ಕಾಗದ ಹಾಗೇ ಹೇಳುತ್ತದೆ.

ಇಟಲಿಯ ಊರೂರಿನ ಗೋಡೆಗಳ ಮೇಲೆ ಗುಲಾಬಿ ಬಣ್ಣದ ಭಿತ್ತಿಪತ್ರಗಳು ಅಂಟಿಕೊಂಡವು. ಸಂಬಳ ಇಷ್ಟು, ಮಕ್ಕಳ ಭತ್ಯೆ ಇಷ್ಟು, ರಜೆ ಇಷ್ಟು, ಪಿಂಚಣಿ ಬೇಗ, ರೈಲು ಖರ್ಚು ನಮ್ಮದು. ಬಲಿತ ಮೈಯಿರಬೇಕು, ವಯಸ್ಸು 35 ದಾಟಿರಬಾರದು. ಮಿಲಾನಿನ ಭವ್ಯ ರೈಲು ನಿಲ್ದಾಣದ ನೆಲಮಾಳಿಗೆಯಲ್ಲಿ ಹಲ್ಲು, ಕಣ್ಣು, ಎದೆ, ತೋಳು ಎಲ್ಲ ಪರೀಕ್ಷೆಯಾಗಿ ಪಾಸಾದವರನ್ನು ರೈಲಿಗೆ ಹತ್ತಿಸುತ್ತಿದ್ದರು. ಅಲ್ಲಿ ಇಳಿದ ಮೇಲೆ ವಾಸಕ್ಕೆ ಸಿಕ್ಕಿದ್ದೇನು? ನಿನ್ನೆ ಮೊನ್ನೆಯವರೆಗೆ ಯುದ್ಧಕೈದಿಗಳನ್ನು ಕೂಡಿಹಾಕಿದ್ದ ತಗಡಿನ ಶೆಡ್ಡುಗಳು. ಗಣಿಯ ಬಾಯಿ ನೋಡಿ ಎದೆ ನಡುಗಿ, ಇಳಿಯುವುದಿಲ್ಲ ಎಂದು ಹಟ ಹಿಡಿದವರನ್ನು ಬ್ರಸೆಲ್ಸ್‌ನ ಪೆಟಿ ಶಾತೋ ಎಂಬ ಕೋಟೆಯಂಥ ಕಟ್ಟಡದಲ್ಲಿ ಕೂಡಿಹಾಕಿ, ಆಮೇಲೆ ಊರಿಗೆ ಅಟ್ಟುತ್ತಿದ್ದರು.

ಹೀಗೆ ಬಂದವನ ಪಿಂಚಣಿಯ ಕತೆ ಎಂಥ ಸಿಕ್ಕು ಗೊತ್ತೇ? ಪಿಂಚಣಿಯ ಕಾನೂನುಗಳೆಲ್ಲ ನೆಲಕ್ಕೆ ಅಂಟಿಕೊಂಡವು. ನಮ್ಮ ದೇಶದಲ್ಲಿ ಇಷ್ಟು ವರ್ಷ ಕಂತು ಕಟ್ಟಿರಬೇಕು, ನಮ್ಮ ದೇಶದಲ್ಲೇ ವಾಸವಿರಬೇಕು, ಕೆಲವೊಮ್ಮೆ ನಮ್ಮ ದೇಶದವನೇ ಆಗಿರಬೇಕು. ಊರಲ್ಲಿ ಆರು ವರ್ಷ, ಬೆಲ್ಜಿಯಂನಲ್ಲಿ ಹನ್ನೆರಡು, ಜರ್ಮನಿಯಲ್ಲಿ ಹನ್ನೆರಡು ವರ್ಷ ದುಡಿದವನೊಬ್ಬನಿದ್ದಾನೆ ಎಂದುಕೊಳ್ಳಿ. ಮೂರೂ ಕಡೆ ಕನಿಷ್ಠ 15 ವರ್ಷದ ಷರತ್ತಿದ್ದರೆ? ಮೂವತ್ತು ವರ್ಷ ಮೈ ಮುರಿದು ದುಡಿದೂ ಅಲ್ಲೂ ಇಲ್ಲ, ಇಲ್ಲೂ ಇಲ್ಲ, ಎಲ್ಲೂ ಇಲ್ಲ!

ಎರಡೆರಡು ದೇಶಗಳ ನಡುವೆ ಒಪ್ಪಂದಗಳು ಇರಲಿಲ್ಲವೆಂದಲ್ಲ. 1904ರ ಏಪ್ರಿಲ್ 15ರಷ್ಟು ಹಿಂದೆಯೇ ಫ್ರಾನ್ಸ್ ಮತ್ತು ಇಟಲಿ ಕಾರ್ಮಿಕರಿಗಾಗಿ ಇಂಥದೊಂದು ಮಾಡಿಕೊಂಡಿದ್ದವು. ಆದರೆ ಮೂರನೆಯ ದೇಶಕ್ಕೆ ಕಾಲಿಟ್ಟವನು ಒಂದು ಒಪ್ಪಂದಕ್ಕೂ ಇನ್ನೊಂದಕ್ಕೂ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತಿದ್ದ.

1951ರಲ್ಲಿ ಆರು ದೇಶಗಳು ಪ್ಯಾರಿಸ್‌ನಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯ ಕಟ್ಟಿದಾಗ, ಕೆಲಸವಿಲ್ಲದ ಜನರ ಭಾರ ಹೊತ್ತಿದ್ದ ಇಟಲಿ ಪಟ್ಟು ಹಿಡಿಯಿತು. ಕಲ್ಲಿದ್ದಲು ಗಡಿ ದಾಟಬಹುದಾದರೆ ಅದನ್ನು ಅಗೆಯುವವನು ಯಾಕೆ ದಾಟಬಾರದು? ಒಪ್ಪಂದದ 69ನೇ ವಿಧಿ ಹುಟ್ಟಿದ್ದು ಆ ಹಟದಿಂದ. ಅದರ ಓಡಾಟದ ಭಾಗವೇನೋ ನೀರಸವೇ. ಕಸುಬು ಬಲ್ಲವರೆಂದು ರುಜುವಾತಾದವರಿಗಷ್ಟೇ, ಅದೂ ಜಾರಿಗೆ ಬಂದದ್ದು 1957ರಲ್ಲಿ. ಆದರೆ ಅದೇ ವಿಧಿಯ ಮೂಲೆಯಲ್ಲಿ ಇನ್ನೊಂದು ಸಾಲಿತ್ತು. ಸಾಮಾಜಿಕ ಭದ್ರತೆಯ ಕಾನೂನುಗಳು ಕಾರ್ಮಿಕರ ಓಡಾಟಕ್ಕೆ ಅಡ್ಡಿಯಾಗದಂತೆ ದೇಶಗಳು ಏರ್ಪಾಡು ಮಾಡಿಕೊಳ್ಳಬೇಕು ಎಂದು. ಆ ಒಂದು ಸಾಲು ಹಿಡಿದುಕೊಂಡು ಲಕ್ಸೆಂಬರ್ಗ್‌ನಲ್ಲಿದ್ದ ಸಮುದಾಯದ ಅಧಿಕಾರಿಗಳು, ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರು, ಆರು ದೇಶಗಳ ಗುಮಾಸ್ತರು ಕೂತು ವರ್ಷಗಟ್ಟಲೆ ಲೆಕ್ಕ ಹಾಕಿದರು. ಯಾವ ಪತ್ರಿಕೆಯ ಮುಖಪುಟವೂ ಅವರತ್ತ ನೋಡಲಿಲ್ಲ.

ಆ ಲೆಕ್ಕ ನಡೆಯುತ್ತಿದ್ದ ಕಾಲದಲ್ಲೇ ಮಾರ್ಸಿನೆಲ್ ಆಯಿತು.

1956ರ ಆಗಸ್ಟ್ 8, ಬುಧವಾರ. ಬೆಲ್ಜಿಯಂನ ಶಾರ್ಲರ್ವಾ ಪಕ್ಕದ ಮಾರ್ಸಿನೆಲ್, ಬ್ವಾ ದು ಕಾಜಿಯೆ ಗಣಿ. ಬೆಳಗಿನ ಪಾಳಿಯ 275 ಮಂದಿ ಕೆಳಗೆ ಇಳಿದಿದ್ದಾರೆ. ಎಂಟು ಗಂಟೆ ಹತ್ತು ನಿಮಿಷ. 975 ಮೀಟರ್ ಆಳದಲ್ಲಿ ಕಲ್ಲಿದ್ದಲ ಗಾಡಿಯೊಂದನ್ನು ಎತ್ತುಯಂತ್ರದ ಪಂಜರಕ್ಕೆ ತಳ್ಳಿದ್ದಾರೆ. ಅದು ಪೂರ್ತಿ ಒಳಗೆ ಕೂತಿಲ್ಲ, ಅಂಚು ಹೊರಗೆ ಚಾಚಿಕೊಂಡಿದೆ. ಅಷ್ಟರಲ್ಲಿ ಪಂಜರ ಮೇಲಕ್ಕೆ ಹೊರಟೇಬಿಟ್ಟಿತು. ಚಾಚಿಕೊಂಡಿದ್ದ ಗಾಡಿ ಎಣ್ಣೆಯ ಕೊಳವೆಯನ್ನು ಹರಿಯಿತು, ವಿದ್ಯುತ್ ತಂತಿಯನ್ನು ಹರಿಯಿತು, ಒತ್ತಿದ ಗಾಳಿಯ ಕೊಳವೆಯನ್ನೂ ಹರಿಯಿತು. ಎಣ್ಣೆ, ಕಿಡಿ, ಗಾಳಿ ಮೂರೂ ಒಂದೇ ಕಡೆ! ಅದೂ ಗಣಿಗೆ ಶುದ್ಧ ಗಾಳಿ ಇಳಿಯುವ ಬಾವಿಯಲ್ಲೇ ಬೆಂಕಿ ಹೊತ್ತಿತು. ಉಸಿರಾಟಕ್ಕೆಂದು ಇಳಿಯಬೇಕಾದ ಗಾಳಿಯೇ ಹೊಗೆಯನ್ನು ಸುರಂಗ ಸುರಂಗಕ್ಕೂ ಒಯ್ದು ಹಂಚಿತು. ಗೇಟಿನ ಕಬ್ಬಿಣದ ಸರಳು ಹಿಡಿದು ಹೆಂಗಸರು ಎರಡು ವಾರ ಕಾದರು. ಕಡೆಗೆ ತಳ ಮುಟ್ಟಿ ಬಂದ ರಕ್ಷಣಾ ತಂಡದವನೊಬ್ಬ ಇಟಾಲಿಯನ್‌ನಲ್ಲಿ ಎರಡೇ ಪದ ಹೇಳಿದ: ಎಲ್ಲರೂ ಹೆಣಗಳು.

ಸತ್ತವರು 262. ಅವರಲ್ಲಿ 136 ಇಟಾಲಿಯನ್ನರು, 95 ಬೆಲ್ಜಿಯನ್ನರು, ಉಳಿದವರು ಇನ್ನೂ ಹತ್ತು ದೇಶಗಳವರು. ಒಂದೇ ಬಾವಿಯಲ್ಲಿ ಹನ್ನೆರಡು ದೇಶಗಳ ಜನ. ಯುರೋಪಿನ ಏಕೀಕರಣ ಕಾಗದದ ಮೇಲೆ ನಡೆಯುವ ಮೊದಲೇ ಆ ಆಳದಲ್ಲಿ ನಡೆದುಹೋಗಿತ್ತು. ಇಟಲಿ ಬೆಲ್ಜಿಯಂ ಗಣಿಗಳಿಗೆ ಆಳು ಕಳಿಸುವುದನ್ನು ನಿಲ್ಲಿಸಿತು. ಬೆಲ್ಜಿಯಂ ಸ್ಪೇನ್, ಗ್ರೀಸ್‌ಗಳತ್ತ ತಿರುಗಿತು, 1964ರ ಹೊತ್ತಿಗೆ ಮೊರಾಕೊ, ಟರ್ಕಿಗಳತ್ತ.

ಏಳು ತಿಂಗಳ ಬಳಿಕ, 1957ರ ಮಾರ್ಚ್ 25, ರೋಮ್ ಒಪ್ಪಂದ. ಅದರ 51ನೇ ವಿಧಿ ಎರಡು ಮಾತು ಹೇಳಿತು. ಬೇರೆ ಬೇರೆ ದೇಶಗಳಲ್ಲಿ ದುಡಿದ ಅವಧಿಗಳನ್ನೆಲ್ಲ ಕೂಡಿಸಿ ಲೆಕ್ಕ ಹಿಡಿಯಬೇಕು. ಸಿಗಬೇಕಾದ ಹಣವನ್ನು ಅವನು ಆರರಲ್ಲಿ ಯಾವ ದೇಶದಲ್ಲಿದ್ದರೂ ಕಳಿಸಿಕೊಡಬೇಕು. ಅದೇ ಡಿಸೆಂಬರ್ 9ರಂದು, ಗುಮಾಸ್ತರು ವರ್ಷಗಟ್ಟಲೆ ಹೆಣೆದ ಕರಾರಿಗೆ ಆರೂ ದೇಶಗಳ ಸಹಿ ಬಿತ್ತು. ಇನ್ನು ಆರು ಸಂಸತ್ತುಗಳು ಅದನ್ನು ಒಪ್ಪಬೇಕು. ಎಷ್ಟು ವರ್ಷವೋ ಏನೋ! ಆಗ ಯಾರಿಗೆ ಹೊಳೆಯಿತೋ, ಎಂಥ ಉಪಾಯ ನೋಡಿ. 51ನೇ ವಿಧಿಯ ಬಲವಿದೆ, ಹೊಸ ಸಮುದಾಯಕ್ಕೆ ನಿಯಮ ಬರೆಯುವ ಅಧಿಕಾರವಿದೆ, ಆ ನಿಯಮ ಸಂಸತ್ತುಗಳ ಬಾಗಿಲು ತಟ್ಟದೆ ನೇರ ಕಾನೂನಾಗುತ್ತದೆ. ಇಡೀ ಕರಾರನ್ನೇ ಎತ್ತಿ ನಿಯಮದ ಅಂಗಿ ತೊಡಿಸಿದರು. 1958ರ ಸೆಪ್ಟೆಂಬರ್ 25ರಂದು ನಿಯಮ 3, ಡಿಸೆಂಬರ್ 3ರಂದು ಅದರ ಕಾರ್ಯವಿಧಾನ ಹೇಳುವ ನಿಯಮ 4. ಹೊಸ ವರ್ಷದ ಮೊದಲ ದಿನ ಎರಡೂ ಜಾರಿ.

ಈಗ ಮತ್ತೆ ಆ ಮೂವತ್ತು ವರ್ಷ ದುಡಿದವನ ಲೆಕ್ಕಕ್ಕೆ ಬನ್ನಿ. ಇಟಲಿ, ಬೆಲ್ಜಿಯಂ, ಜರ್ಮನಿ ಮೂರೂ ಅವನ ಮೂವತ್ತು ವರ್ಷವನ್ನು ತಮ್ಮಲ್ಲೇ ಕಳೆದಂತೆ ಎಣಿಸಿಕೊಂಡು ಪೂರ್ತಿ ಪಿಂಚಣಿ ಎಷ್ಟೆಂದು ಲೆಕ್ಕ ಹಾಕಬೇಕು. ಆಮೇಲೆ ಇಟಲಿ ತನ್ನ ಲೆಕ್ಕದ ಮೂವತ್ತರಲ್ಲಿ ಆರು ಪಾಲು, ಬೆಲ್ಜಿಯಂ ಹನ್ನೆರಡು ಪಾಲು, ಜರ್ಮನಿ ಹನ್ನೆರಡು ಪಾಲು ಕೊಡಬೇಕು. ಎಲ್ಲೂ ಇಲ್ಲ ಎನಿಸಿಕೊಂಡಿದ್ದವನಿಗೆ ಮೂರು ಕಡೆಯಿಂದ ಹಣ! ಅವನು ಬೆಟ್ಟದೂರಿನ ತನ್ನ ಮನೆಯ ಜಗಲಿಯಲ್ಲಿ ಕೂತಿದ್ದರೂ ಸರಿ. ಹುಬ್ಬಳ್ಳಿಯ ಕಂಪನಿ ಬಿಟ್ಟು ಪುಣೆಗೆ ಹೋದಾಗ ಹಳೆಯ ಪಿಎಫ್ ಖಾತೆ ಹಿಂದೆಯೇ ಬರುವಂತೆ ಎನ್ನೋಣವೇ? ಸಾಲದು. ಅಲ್ಲಿ ಸರ್ಕಾರ ಒಂದೇ, ಕಾನೂನು ಒಂದೇ, ರೂಪಾಯಿ ಒಂದೇ. ಇಲ್ಲಿ ಹದಿಮೂರು ವರ್ಷದ ಹಿಂದೆ ಒಬ್ಬರ ಮೇಲೊಬ್ಬರು ಬಾಂಬು ಹಾಕುತ್ತಿದ್ದ ದೇಶಗಳು ಒಬ್ಬ ಕೂಲಿಯ ಮುಪ್ಪಿನ ಖರ್ಚನ್ನು ಹಂಚಿಕೊಳ್ಳಲು ಕೂತಿವೆ!

ಕಾಗದದಲ್ಲಿದ್ದದ್ದು ಕೈಗೆ ಬರಲು ಜನ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅಲ್ಲಿಂದ ಮುಂದಿನದಂತೂ ಕಾದಂಬರಿಯೇ. ನೆದರ್ಲೆಂಡ್ಸ್‌ನ ಒಬ್ಬಾಕೆ ಕೆಲಸ ಬಿಟ್ಟು ಸ್ವಯಂ ವಿಮೆಯಲ್ಲಿದ್ದಳು. ಜರ್ಮನಿಯಲ್ಲಿದ್ದ ಅಪ್ಪ ಅಮ್ಮನನ್ನು ನೋಡಲು ಹೋದಾಗ ಕಾಯಿಲೆ ಬಿದ್ದಳು. ಚಿಕಿತ್ಸೆಯ ಖರ್ಚು ಕೊಡಿ ಎಂದರೆ, ನೀನೀಗ ಕಾರ್ಮಿಕಳೇ ಅಲ್ಲವಲ್ಲ ಎಂಬ ತಕರಾರು. 1964ರ ಮಾರ್ಚ್ 19ರಂದು ಲಕ್ಸೆಂಬರ್ಗ್‌ನ ನ್ಯಾಯಾಲಯ ಹೇಳಿತು: ಯಾರು ಕಾರ್ಮಿಕರು, ಯಾರು ಅಲ್ಲ ಎಂದು ಒಂದೊಂದು ದೇಶ ತನಗೆ ತೋಚಿದಂತೆ ತೀರ್ಮಾನಿಸುವ ಹಾಗಿಲ್ಲ, ಅದನ್ನು ಸಮುದಾಯದ ಕಾನೂನೇ ಹೇಳಬೇಕು, ಕೆಲಸ ಬಿಟ್ಟು ಮತ್ತೆ ಸೇರಬಹುದಾದವಳೂ ಅದರೊಳಗೇ ಬರುತ್ತಾಳೆ. ಒಬ್ಬಳ ಆಸ್ಪತ್ರೆ ಬಿಲ್ಲಿನ ನೆಪದಲ್ಲಿ ಆರು ಸರ್ಕಾರಗಳ ಕೈಯಿಂದ ಎಂಥ ಅಧಿಕಾರ ಜಾರಿತು! ಮರುವರ್ಷ ಇನ್ನೊಂದು ಮೊಕದ್ದಮೆ. ರಜೆ ಕಳೆಯಲು ಫ್ರಾನ್ಸ್‌ಗೆ ಹೋಗಿ ರಸ್ತೆ ಅಪಘಾತದಲ್ಲಿ ಸತ್ತ ಜರ್ಮನ್ ಕಾರ್ಮಿಕನದು. ದುಡಿಯಲು ಹೋದವರಿಗೆ ಮಾತ್ರವಲ್ಲ, ಸುಮ್ಮನೆ ಹೋದ ಕಾರ್ಮಿಕನಿಗೂ ನಿಯಮದ ಆಸರೆ ಉಂಟು ಎಂದಾಯಿತು.

ಆಮೇಲೆ 1968ರ ಓಡಾಟದ ನಿಯಮ ಬಂತು, ಪಿಂಚಣಿಯ ಆಚೆಗೂ ಬಾಗಿಲು ತೆರೆಯಿತು. ಮ್ಯೂನಿಕ್‌ನಲ್ಲಿ ಓದುತ್ತಿದ್ದ ಇಟಾಲಿಯನ್ ಕಾರ್ಮಿಕನ ಮಗನಿಗೆ ತಿಂಗಳಿಗೆ 70 ಮಾರ್ಕ್‌ನ ವಿದ್ಯಾರ್ಥಿವೇತನ ಕೊಡಲು ಬವೇರಿಯಾ ಒಲ್ಲೆ ಎಂದಿತ್ತು. 1974ರಲ್ಲಿ ನ್ಯಾಯಾಲಯ ಕೊಡಿಸಿತು. ಶಾಲೆಗೆ ಸೇರಿಸಿಕೊಂಡರೆ ಸಾಲದು, ಓದಲು ಬೇಕಾದ ಆಸರೆಯನ್ನೂ ಸಮನಾಗಿ ಕೊಡಬೇಕು ಎಂದು. ಫ್ರಾನ್ಸ್‌ನಲ್ಲಿ ಇಟಾಲಿಯನ್ ಕಾರ್ಮಿಕನ ವಿಧವೆ ಮಕ್ಕಳೊಂದಿಗೆ ಓಡಾಡಲು ದೊಡ್ಡ ಕುಟುಂಬಗಳ ರೈಲು ರಿಯಾಯಿತಿ ಕಾರ್ಡು ಕೇಳಿದಳು. ನೀನು ಫ್ರೆಂಚಳಲ್ಲ ಎಂದರು. 1975ರಲ್ಲಿ ಅದೂ ಅವಳಿಗೆ ಸಿಕ್ಕಿತು. ರೈಲು ಟಿಕೆಟ್‌ನಲ್ಲಿ ಒಂದಿಷ್ಟು ಸೋಡಿ, ಅಷ್ಟೇ. ಆದರೆ ಅಂಥ ಸೋಡಿಗಳನ್ನು ಒಂದರ ಮೇಲೊಂದು ಪೇರಿಸಿಯೇ ಪರದೇಶಿ ಅಲ್ಲಿಯವನಾದದ್ದು. ಸಮುದಾಯದ ಆಯೋಗದಲ್ಲಿ ಸಮಾಜ ವ್ಯವಹಾರ ನೋಡಿಕೊಳ್ಳುತ್ತಿದ್ದ ಇಟಲಿಯ ಲಿಯೊನೆಲ್ಲೊ ಲೆವಿ ಸಾಂಡ್ರಿ 1968ರಲ್ಲೇ ಇದನ್ನು ಗುರುತಿಸಿದ್ದರು. ಇದು ಬರೀ ಆಳುಗಳ ಸಾಗಾಟವಲ್ಲ, ಯುರೋಪಿನ ಪೌರತ್ವ ಮೊಳಕೆಯೊಡೆಯುತ್ತಿದೆ ಎಂಬ ಅರ್ಥದ ಮಾತಾಡಿದ್ದರು. ಆ ಪೌರತ್ವ ಕಾಗದಕ್ಕೆ ಇಳಿದದ್ದು 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ.

ನಿಯಮ 3ರ ಜಾಗಕ್ಕೆ ಬಂದ 1971ರ ನಿಯಮದಲ್ಲಿ ಒಂದು ಸಾಲಿತ್ತು. ಯಾವುದೇ ಸದಸ್ಯ ದೇಶದ ಅಧಿಕೃತ ಭಾಷೆಯಲ್ಲಿ ಬರೆದ ಅರ್ಜಿಯನ್ನು, ಅದು ನಮ್ಮ ಭಾಷೆಯಲ್ಲ ಎಂಬ ಕಾರಣಕ್ಕೆ ಇನ್ನೊಂದು ದೇಶದ ಕಚೇರಿ ತಿರಸ್ಕರಿಸುವಂತಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡದ ಚಲನ್‌ಗಾಗಿ ಜಗಳವಾಡಿ ಬಂದ ನಮ್ಮವರು ಈ ಸಾಲನ್ನು ಎರಡು ಸಲ ಓದಬೇಕು.

ಹಾಗೆಂದು ಇದನ್ನು ಸ್ವರ್ಗ ಮಾಡಿಬಿಡಬೇಡಿ. ಬೆಲ್ಜಿಯಂನಲ್ಲಿ ದುಡಿಯುವವನ ಮಕ್ಕಳು ಇಟಲಿಯಲ್ಲೇ ಉಳಿದಿದ್ದರೆ, ಭತ್ಯೆ ಇಟಲಿಯ ದರವನ್ನು ಮೀರುವಂತಿರಲಿಲ್ಲ. ದಿನಾ ಗಡಿ ದಾಟಿ ಕೆಲಸಕ್ಕೆ ಹೋಗಿಬರುವವರು, ಹಂಗಾಮಿನ ಕೂಲಿಗಳು ಮೊದಲ ಪಟ್ಟಿಯಲ್ಲಿರಲಿಲ್ಲ. ಅವರಿಗೆ ಬೇರೆ ನಿಯಮ ಬಂದದ್ದು 1963ರಲ್ಲಿ. ಇನ್ನು ಸಿಲಿಕೋಸಿಸ್. ಗಣಿಯ ದೂಳು ಪುಪ್ಪುಸದಲ್ಲಿ ಕೂತು ಉಸಿರನ್ನೇ ಹಿಂಡುವ ಈ ಕಾಯಿಲೆ ಕೆಜಿಎಫ್ ಬಲ್ಲವರಿಗೆ ಹೊಸದಲ್ಲ. ಇಟಲಿ ಅದಕ್ಕೆ ಪರಿಹಾರ ಕೊಡುವ ಕಾನೂನು ಮಾಡಿದ್ದು 1943ರಲ್ಲಿ. ಬೆಲ್ಜಿಯಂ ಅದನ್ನು ವೃತ್ತಿಯಿಂದ ಬಂದ ಕಾಯಿಲೆ ಎಂದು ಒಪ್ಪಿದ್ದು 1964ರಲ್ಲಿ! ಬೆಲ್ಜಿಯಂ ಗಣಿಯಲ್ಲಿ ಎದೆ ಹಾಳು ಮಾಡಿಕೊಂಡು ಮರಳಿದವರಿಗಾಗಿ ಕಡೆಗೆ ಇಟಲಿಯೇ 1962ರಲ್ಲಿ ಪ್ರತ್ಯೇಕ ಕಾನೂನು ಮಾಡಿ ತನ್ನ ಬೊಕ್ಕಸದಿಂದ ಪರಿಹಾರ ಕೊಡಬೇಕಾಯಿತು. ಇದ್ದ ಹಕ್ಕನ್ನು ಗಡಿ ದಾಟಿಸಬಲ್ಲದೇ ಹೊರತು ಇಲ್ಲದ ಹಕ್ಕನ್ನು ಹುಟ್ಟಿಸುವ ಶಕ್ತಿ ಆ ನಿಯಮಕ್ಕೆ ಇರಲಿಲ್ಲ.

ಎಲ್ಲಕ್ಕಿಂತ ಚುಚ್ಚುವುದು ಅಲ್ಜೀರಿಯಾದ ವಿಚಾರ. 1957ರಲ್ಲಿ ಅದು ಕಾನೂನಿನ ಕಣ್ಣಿಗೆ ಫ್ರಾನ್ಸೇ. ರೋಮ್ ಒಪ್ಪಂದದಲ್ಲಿ ಅದರ ಹೆಸರೂ ಇದೆ. ಸರಕು ಅತ್ತಿತ್ತ ಓಡಾಡುವ ವಿಧಿಗಳು ಅದಕ್ಕೆ ಕೂಡಲೇ ಅನ್ವಯವಾದವು, ಕಾರ್ಮಿಕರ ಓಡಾಟದ ವಿಧಿ ಮಾತ್ರ ಆ ಪಟ್ಟಿಯಲ್ಲಿಲ್ಲ. ಕಿತ್ತಳೆ ಹೋಗಬಹುದು, ಕಿತ್ತಳೆ ಕಿತ್ತವನು ಹೋಗುವಂತಿಲ್ಲ. 1962ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅಲ್ಜೀರಿಯಾದವರು ಕ್ರಮೇಣ ಪೂರ್ತಿ ಹೊರಗಿನವರಾದರು. ಅದೇ ಗಣಿಗೆ, ಅದೇ ಆಳಕ್ಕೆ ಇಳಿದ ಟರ್ಕಿಯವರು, ಮೊರಾಕೊದವರು ಕೂಡ ಈ ನಿಯಮದ ಕಣ್ಣಿಗೆ ಹೊರಗಿನವರೇ. ಒಕ್ಕೂಟದ ಹೊರಗಿನಿಂದ ಬಂದವರೂ ಸದಸ್ಯ ದೇಶಗಳ ನಡುವೆ ಓಡಾಡಿದಾಗ ಇದೇ ಕೂಡಿಕೆಯ ಲೆಕ್ಕಕ್ಕೆ ಅರ್ಹರು ಎಂದು ಬರೆದದ್ದು ಯಾವಾಗ? 2003ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಆ ಗಣಿಗಳೇ ಮುಚ್ಚಿದ್ದವು. ಐಂಡ್‌ಹೋವನ್‌ನಿಂದ ಮ್ಯೂನಿಕ್‌ಗೆ ಕೆಲಸ ಬದಲಿಸುವ ನಮ್ಮ ಬೆಂಗಳೂರು, ಮೈಸೂರು ಕಡೆಯ ಎಂಜಿನಿಯರುಗಳ ವರ್ಷಗಳು ಇವತ್ತು ಕೂಡಿ ಬರುತ್ತಿದ್ದರೆ ಅದು ಆ ತಡವಾಗಿ ತೆರೆದ ಬಾಗಿಲಿನಿಂದ.

ಕೊನೆಗೊಂದು ಸಂಗತಿ, ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಇದೇ. ಭಾರತ ತನ್ನ ಜನರಿಗಾಗಿ ಹೊರದೇಶದೊಂದಿಗೆ ಮಾಡಿಕೊಂಡ ಮೊಟ್ಟಮೊದಲ ಸಾಮಾಜಿಕ ಭದ್ರತಾ ಒಪ್ಪಂದ ಯಾವ ದೇಶದ ಜೊತೆ ಗೊತ್ತೇ? ಲಕ್ಷಾಂತರ ಮಂದಿ ಹೋಗಿ ನೆಲೆಸಿದ ಅಮೆರಿಕದ ಜೊತೆಯಲ್ಲ, ಬ್ರಿಟನ್ ಜೊತೆಯಲ್ಲ. ತಲೆಗೆ ಇಷ್ಟು ಟನ್ ಕಲ್ಲಿದ್ದಲು ಎಂದು ಆಳು ತರಿಸಿಕೊಂಡಿದ್ದ ಅದೇ ಬೆಲ್ಜಿಯಂ ಜೊತೆ! 2006ರ ನವೆಂಬರ್ 3ರಂದು ಸಹಿ, 2009ರ ಸೆಪ್ಟೆಂಬರ್ 1ರಿಂದ ಜಾರಿ. ಆಮೇಲೆ ಜರ್ಮನಿ ಮತ್ತಿತರ ದೇಶಗಳು ಬಂದವು. ಅದರ ಒಳಗಿನ ಲೆಕ್ಕವೂ ಅದೇ: ಅಲ್ಲಿಯ ವರ್ಷ, ಇಲ್ಲಿಯ ವರ್ಷ ಕೂಡಿಸು, ಪಾಲು ಹಂಚು, ಹಣವನ್ನು ಮನೆಗೆ ಕಳಿಸು. ಆದ್ದರಿಂದ ನಿಮ್ಮ ಮನೆಯಲ್ಲಿ ಬೆಲ್ಜಿಯಂನಲ್ಲೋ ಜರ್ಮನಿಯಲ್ಲೋ ಕೆಲವು ವರ್ಷ ದುಡಿದು ಮರಳಿದವರಿದ್ದರೆ, ಅಲ್ಲಿಯ ಸಂಬಳದ ಚೀಟಿ, ಕಂತಿನ ಕಾಗದಗಳನ್ನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಬೇಡಿ. ಭವಿಷ್ಯ ನಿಧಿ ಕಚೇರಿಗೆ ಹೋಗಿ, ಆ ವರ್ಷಗಳ ಲೆಕ್ಕ ಕೇಳಿ.